ಬಾನೆಟ್ಟಿನ ಮೇಲೆ ಮೂರು ಗೆರೆ

ಆ ಕಾರಿಗೆ ಯಾವ ಆಕ್ಸಿಡೆಂಟೂ ಆಗಿರಲಿಲ್ಲ. ಅದರ ಬಾನೆಟ್ಟನ್ನು ತಿಂದದ್ದು ವಿಭೂತಿಗೆ ಬೆರೆಸಿದ ಸುಣ್ಣ. ಮಿಕ್ಕಿದ್ದನ್ನು ತಿಂದದ್ದು ನನ್ನ ಅಳಿಯನ ಜಂಬ. ಇಷ್ಟನ್ನು ಕೊಳ್ಳಲು ಬಂದವರಿಗೆ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಅದು ನಮ್ಮ ಮನೆಯಿಂದ ಯಾವಾಗಲೋ ತೊಲಗುತ್ತಿತ್ತು, ನನ್ನ ಗಿರಣಿ ರೂಮು ನನ್ನ ಕೈಸೇರುತ್ತಿತ್ತು. ಹೇಳಲಿಲ್ಲ. ಹೇಳಿದರೆ ದೊಡ್ಡಮನುಷ್ಯರ ಮರ್ಯಾದೆ ಹೋಗುತ್ತದಲ್ಲ.

ನಮ್ಮ ಮನೆ ಮಾರೇನಹಳ್ಳಿಯ ಒಂದು ಒಳಗಲ್ಲಿಯಲ್ಲಿ. ಮುಂದಿನ ರೂಮಿನಲ್ಲಿ ಹಿಟ್ಟಿನ ಗಿರಣಿ, ಹಿಂದೆ ಸಂಸಾರ. ಗಿರಣಿ ಹಾಕಿಸಿದವರು ನನ್ನ ಯಜಮಾನರು. ಅವರು ಹೋದ ಮೇಲೆ ನಾನೇ ನಡೆಸಿದೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಳು ಬೀಸುವುದಕ್ಕೆ ಅದೂ ಹೆಚ್ಚೇ. ಸುತ್ತಮುತ್ತಲ ವಠಾರಗಳಲ್ಲಿ ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆಗಿದ್ದವರು ತುಂಬಾ ಜನ. ಅವರ ಹೆಂಗಸರು ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಿದ್ದರು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಹಾಗಾಗಿ ಅವತ್ತವತ್ತಿನ ಜೋಳ ಅವತ್ತವತ್ತೇ ಬೀಸಿಸಬೇಕು. ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಡಬ್ಬಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಹೆಂಗಸರಿಲ್ಲ, ಬರೀ ಡಬ್ಬಿಗಳು. ನಂಬಿಕೆಯ ಮೇಲೆ ನಡೆಯುವ ವ್ಯಾಪಾರ ಅದು.

ನನಗೆ ಒಬ್ಬಳೇ ಮಗಳು. ಮದುವೆಯಾದ ಮೇಲೆ ಅಳಿಯಂದಿರೂ ಇಲ್ಲೇ ಉಳಿದರು. ಮನೆಅಳಿಯ ಅನ್ನಬಾರದು, ಸಿಟ್ಟು ಬರುತ್ತದೆ. ‘ಅತ್ತೆ ಒಬ್ಬರೇ ಆಗ್ತಾರೆ ಅಂತ ನಾವೇ ಬಂದು ಇದೀವಿ’ ಅನ್ನಬೇಕು. ನಮ್ಮಲ್ಲಿ ಅತ್ತೆಯಾದವಳು ಅಳಿಯನಿಗೆ ಎದುರು ನಿಂತು ಮಾತಾಡಬಾರದು ಅನ್ನುವ ಕಟ್ಟಳೆ ಬೇರೆ ಇದೆ. ಆದ್ದರಿಂದ ನಾನು ಬೈಯುವುದಿದ್ದರೆ ಮಗಳನ್ನು ಬೈಯುತ್ತಿದ್ದೆ, ಸೋಫಾ ಮೇಲೆ ಕೂತವರಿಗೆ ಕೇಳಿಸುವ ಹಾಗೆ. ಅವರೂ ಉತ್ತರವನ್ನು ಮಗಳಿಗೇ ಹೇಳುತ್ತಿದ್ದರು. ಮಧ್ಯೆ ನಿಂತು ಅವಳ ಕತ್ತು ಆ ಕಡೆ ಈ ಕಡೆ ತಿರುಗಿ ತಿರುಗಿ ಸವೆದಿರಬೇಕು.

ಅಳಿಯಂದಿರದು ಸೈಟು ವ್ಯಾಪಾರ. ಉಲ್ಲಾಳದಲ್ಲಿ ಒಂದು ತುಂಡು ತೋರಿಸಿ, ಕೆಂಗೇರಿಯಲ್ಲಿ ಇನ್ನೊಂದು ತುಂಡು ತೋರಿಸಿ, ನಡುವೆ ನಿಂತು ಕಮಿಷನ್ ತೆಗೆದುಕೊಳ್ಳುವುದು. ಆ ಕಾಲದಲ್ಲಿ ಬೇಲಿ ಹಾಕಿದ ಪ್ರತಿ ಹೊಲಕ್ಕೂ ಲೇಔಟು ಅಂತ ಬೋರ್ಡು ಬೀಳುತ್ತಿತ್ತು. ಅವರ ಕೈಯಲ್ಲೂ ನಾಲ್ಕು ಕಾಸು ಆಡಿತು. ಕಾಸು ಆಡಿದ್ದೇ ತಡ, ಹೊರದೇಶದ ಕಂಪನಿಯ ಒಂದು ದೈತ್ಯ ಕಾರು ತಂದು ಗಲ್ಲಿಯ ಬಾಯಲ್ಲಿ ನಿಲ್ಲಿಸಿದರು. ಕಪ್ಪು ಬಣ್ಣ, ನನ್ನ ಎದೆಯೆತ್ತರದ ಮೂತಿ, ಹತ್ತಲು ಮೆಟ್ಟಿಲು. ಅದಕ್ಕೆ ಕೊಟ್ಟ ದುಡ್ಡಿಗೆ ಅವರೇ ಮಾರುವ ಉಲ್ಲಾಳದ ಸೈಟು ಒಂದು ಬರುತ್ತಿತ್ತು. ಊರಿಗೆಲ್ಲ ಸೈಟು ಕೊಳ್ಳಿ ಅನ್ನುವವರು ತಾವು ಕಾರು ಕೊಂಡರು. ಆಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಅದನ್ನು ಬೀದಿಯಲ್ಲಿ ಬಿಟ್ಟರೆ ಯಾರಾದರೂ ಮೊಳೆಯಲ್ಲಿ ಗೀಚುತ್ತಾರೆ ಅನ್ನುವ ಭಯ ಶುರುವಾಯಿತು. ಒಂದು ದಿನ ಮಗಳು ಬಂದು ಸೆರಗಿನ ತುದಿ ಹಿಡಿದು ನಿಂತಳು.

“ಅಮ್ಮ, ಗಿರಣಿ ರೂಮು ಕೇಳ್ತಾ ಇದಾರೆ.”

“ಯಾರು ಕೇಳ್ತಾ ಇರೋದು? ನಿನ್ನ ಗಂಡಾನಾ, ಕಾರಾ?”

ಸೋಫಾದಿಂದ ಉತ್ತರ ಬಂತು: “ಎರಡು ವರ್ಷ ಅಷ್ಟೇ ಅಂತ ಹೇಳು ಕಣೇ. ಆಮೇಲೆ ಮಾರಿದ್ರೆ ಹಾಕಿದ್ದು ಹಾಕಿದಂಗೆ ವಾಪಸ್ ಬರುತ್ತೆ. ಫಾರಿನ್ ಗಾಡಿ. ರೀಸೇಲ್ ವ್ಯಾಲ್ಯೂ ಅಂದ್ರೆ ಬಂಗಾರ ಇದ್ದಂಗೆ. ಅತ್ತೆಗೆ ಹೊಸಾ ಮೆಷಿನ್ನೇ ಹಾಕಿಸ್ಕೊಡ್ತೀನಿ.”

“ಬಂಗಾರಾನ ಪೆಟ್ಟಿಗೇಲಿ ಇಡ್ತಾರೆ. ಅದಕ್ಕೆ ರೂಮು ಯಾಕೆ ಅಂತ ಕೇಳೇ.”

ಮಗಳು ಅತ್ತಳು. ಅವಳ ಅಳುವಿಗೆ ಕರಗುವ ಜಾತಿ ನನ್ನದಲ್ಲ. ಆದರೆ ದಿನಾ ಅಡುಗೆಮನೆಯಲ್ಲಿ ನಿಂತು ಅಳತೊಡಗಿದಳು, ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಸಾಕಪ್ಪ ಅಂತ ಒಪ್ಪಿದೆ. ಒಂದೇ ಒಂದು ಮಾತು ಹೇಳಿ ಒಪ್ಪಿದೆ: ಕಾರು ಮಾರಿದ ದಿನ ರೂಮು ನನ್ನದು. ಅವರೂ ಹೂಂ ಅಂದರು. ಗಿರಣಿಯನ್ನು ಬಿಚ್ಚಿ, ಹಿತ್ತಲ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದಿಸಿ ಇಟ್ಟರು. ಮುಂಗೋಡೆ ಒಡೆದು ಶಟರ್ ಹಾಕಿಸಿದರು. ಕಾರನ್ನು ಒಳಗೆ ಬಿಟ್ಟ ಮೇಲೆ ಅಳಿಯಂದಿರು ಬಾಗಿಲನ್ನು ಗೇಣಗಲ ತೆರೆದು, ಹೊಟ್ಟೆಯನ್ನು ಬೆನ್ನಿಗೆ ಎಳೆದುಕೊಂಡು, ಅಡ್ಡಡ್ಡ ಹೊರಗೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನಾನು ತಪ್ಪದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಕಾರು ತಂದರಲ್ಲ, ಓಡಿಸಿದರೇ ಅಂದರೆ ಅದೂ ಇಲ್ಲ. ಕಿಲೋಮೀಟರು ಹೆಚ್ಚಾದಷ್ಟೂ ರೇಟು ಇಳಿಯುತ್ತದೆ ಅಂತ ಯಾರೋ ಅವರ ಕಿವಿಯಲ್ಲಿ ಊದಿದ್ದರು. ವಾರಕ್ಕೊಮ್ಮೆ ದೊಡ್ಡ ಗಿರಾಕಿಗೆ ಸೈಟು ತೋರಿಸಲು ಮಾತ್ರ ಅದು ಹೊರಗೆ. ಮಿಕ್ಕ ದಿನ ಹಳೇ ಸ್ಕೂಟರು. ಸೀಟುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಬಿಡಲಿಲ್ಲ. ಕೂತರೆ ಸೀರೆ ಅಂಟಿಕೊಂಡು ಏಳುವಾಗ ಪರಪರ ಅನ್ನುತ್ತಿತ್ತು. ನನಗೊಮ್ಮೆ ಜ್ವರ ಏರಿದಾಗ ಮುಂದಿನ ರೂಮಿನಲ್ಲಿ ಆನೆಯಂಥ ಕಾರು ಇಟ್ಟುಕೊಂಡು ಆಟೋ ಕರೆಸಿದರು. ಆಟೋದವನು ಶಟರ್ ಕಡೆ ನೋಡಿ, “ಅಣ್ಣ, ಒಳಗಿರೋದು ಓಡಲ್ವಾ?” ಅಂದ. ಜ್ವರದಲ್ಲೂ ನನಗೆ ನಗು ಬಂತು.

ಕಾಳು ಬೀಸಿದರೆ ತೂಕ ಸ್ವಲ್ಪ ಇಳಿಯುತ್ತದೆ. ಕಲ್ಲಿಗೆ ಒಂದಿಷ್ಟು, ಗಾಳಿಗೆ ಒಂದಿಷ್ಟು. ಅದು ನನಗೆ ಗೊತ್ತು, ನನ್ನ ಗಿರಾಕಿಗಳಿಗೂ ಗೊತ್ತು. ಡಬ್ಬಿಯಲ್ಲಿ ಸುಮ್ಮನೆ ನಿಂತಲ್ಲೇ ಇಳಿದುಹೋಗುವ ಕಾಳನ್ನು ನಾನು ನೋಡಿದ್ದು ಆ ಕಾರಿನಲ್ಲೇ. ಓಡದೆಯೂ ಅದರ ಬೆಲೆ ಇಳಿಯುತ್ತಿತ್ತು.

ಈಗ ವಿಭೂತಿಯ ವಿಷಯ. ಕಾರು ಬಂದ ದಿನ ಪೂಜಾರಿ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು ಹೋದರು. ಅಲ್ಲಿಗೆ ಮುಗಿಯಬೇಕಾದ ಕೆಲಸ. ಆದರೆ ಆ ವಾರ ಕೆಂಗೇರಿಯ ಗಿರಾಕಿಯೊಬ್ಬರು ಆ ಗೆರೆ ನೋಡಿ, ನೀವೂ ನಮ್ಮವರೇನಾ ಅಂತ ಕೇಳಿ, ಚೌಕಾಸಿ ಮಾಡದೆ ಅಡ್ವಾನ್ಸ್ ಕೊಟ್ಟುಬಿಟ್ಟರಂತೆ. ಅವತ್ತಿನಿಂದ ಅಳಿಯಂದಿರಿಗೆ ಶಿವನ ಮೇಲೆ ಭಕ್ತಿ ಉಕ್ಕಿತು.

“ಗಾಡಿ ಹೋಗಿ ನಿಂತಾಗ ವಿಭೂತಿ ಎದ್ದು ಕಾಣ್ಬೇಕು ಕಣೇ. ದೈವಭಕ್ತಿ ಇರೋನು, ಮೋಸ ಮಾಡಲ್ಲ ಅಂತ ಪಾರ್ಟಿಗೆ ನಂಬಿಕೆ ಬರುತ್ತೆ. ಉಲ್ಲಾಳ ಮುಟ್ಟೋಷ್ಟರಲ್ಲಿ ಎಲ್ಲಾ ಹಾರ್ಹೋಗುತ್ತೆ. ಏನಾದ್ರೂ ಮಾಡು.”

ಏನಾದರೂ ಮಾಡು ಅಂದರೆ ನನ್ನ ಮಗಳು ಏನಾದರೂ ಮಾಡುವವಳೇ. ವಾರಕ್ಕೊಮ್ಮೆ ನನ್ನ ಎಲೆಅಡಿಕೆಯ ಸುಣ್ಣದ ಡಬ್ಬಿ ಖಾಲಿಯಾಗತೊಡಗಿತು. ಒಂದು ಸೋಮವಾರ ಶಟರ್ ಒಳಗೆ ಇಣುಕಿದರೆ, ಬಟ್ಟಲಲ್ಲಿ ವಿಭೂತಿಗೆ ಸುಣ್ಣ ಕಲಸಿ ಗೋಡೆಗೆ ಬಳಿಯುವ ಹಾಗೆ ಬಳಿಯುತ್ತಿದ್ದಾಳೆ.

“ಅಯ್ಯೋ ಪೆದ್ದಿ, ನಾಲಿಗೆ ಮೇಲೆ ಒಂಚೂರು ಹೆಚ್ಚಾದ್ರೆ ಬೊಬ್ಬೆ ಬರುತ್ತೆ. ಅದನ್ನ ಬಣ್ಣಕ್ಕೆ ಬಳೀತೀಯಾ?”

“ನಾಲಿಗೆ ಬೇರೆ ಕಾರು ಬೇರೆ ಅಮ್ಮ. ಇದು ಫಾರಿನ್ ಪೇಂಟು, ಏನೂ ಆಗಲ್ಲ.”

ಸುಣ್ಣಕ್ಕೆ ಫಾರಿನ್ ಯಾವುದು, ಮಾರೇನಹಳ್ಳಿ ಯಾವುದು? ಉಲ್ಲಾಳದ ಬಯಲಲ್ಲಿ, ಮರವಿಲ್ಲದ ಸೈಟುಗಳ ಮಧ್ಯೆ, ಬಿಸಿಲಲ್ಲಿ ಕಾದ ಆ ಕಪ್ಪು ತಗಡಿನ ಮೇಲೆ ವಾರ ವಾರವೂ ಅದು ತನ್ನ ಕೆಲಸ ಮಾಡಿಕೊಂಡು ಹೋಯಿತು. ಹಳೆಯ ಗೆರೆಯ ಮೇಲೆ ಹೊಸ ಗೆರೆ ಬೀಳುತ್ತಿದ್ದುದರಿಂದ ಅಡಿಯಲ್ಲಿ ಏನಾಗುತ್ತಿದೆ ಅಂತ ಯಾರಿಗೂ ಕಾಣಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಸೈಟಿನ ವ್ಯಾಪಾರ ಮಲಗಿತು. ಅದೇ ಕಂಪನಿ ಅದೇ ಕಾರಿಗೆ ಬೇರೆ ಮೂತಿ ಮಾಡಿ ಹೊಸದು ಬಿಟ್ಟಿತು. ಹೊಸ ಮೂತಿ ಬಂದರೆ ಹಳೇ ಮೂತಿಯನ್ನು ಕೇಳುವವರಿಲ್ಲ, ಬೇಗ ಮಾರಿ ಅಂತ ಅಳಿಯಂದಿರ ಸ್ನೇಹಿತರು ಹೇಳಿದರು. ನಾನು ಅವತ್ತೇ ಹಿತ್ತಲಿಗೆ ಹೋಗಿ ಟಾರ್ಪಾಲು ಎತ್ತಿ ಕಲ್ಲುಗಳನ್ನು ನೋಡಿ ಬಂದೆ. ಇತ್ತ ಅವರು ಕಾರು ತೊಳೆದರು. ಕುಂಕುಮ ಹೋಯಿತು, ವಿಭೂತಿ ಹೋಯಿತು, ಮೂರು ಗೆರೆ ಮಾತ್ರ ಹೋಗಲಿಲ್ಲ. ಬಣ್ಣದ ಹೊಳಪು ಸುಟ್ಟು, ಬೂದಿ ಬಣ್ಣದ ಮೂರು ಬರೆ ಹಾಗೇ ಕೂತಿದ್ದವು. ಪಾಲಿಶ್ ಹಾಕಿ ತಿಕ್ಕಿದರು. ಹಲ್ಲುಪೇಸ್ಟು, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲ ಆಯಿತು. ತಿಕ್ಕಿದಷ್ಟೂ ಎದ್ದು ಕಂಡವು. ನಾನು ಮಗಳಿಗೆ ಹೇಳಿದೆ, “ನಿನ್ನ ಗಂಡನಿಗೆ ಹೇಳೇ, ಎದ್ದು ಕಾಣ್ಬೇಕು ಅಂದಿದ್ರಲ್ಲ, ಕಾಣ್ತಾ ಇದೆ ಅಂತ.”

ಆಗಲೂ ಏನೂ ಕೆಟ್ಟಿರಲಿಲ್ಲ. ಗೆರೆ ಇರುವ ಹಾಗೇ ತೋರಿಸಿ, ಹೀಗಾಯಿತು ಅಂದಿದ್ದರೆ ಮುಗಿದಿತ್ತು. ಅಳಿಯಂದಿರಿಗೆ ನಾಚಿಕೆ. ಹೆಂಡತಿ ಸುಣ್ಣ ಬಳಿದಳು ಅಂತ ಸೂಟುಬೂಟಿನವರ ಮುಂದೆ ಹೇಳುವುದು ಹೇಗೆ? ಹೆಗ್ಗನಹಳ್ಳಿಯ ಒಂದು ಶೆಡ್ಡಿಗೆ ಒಯ್ದು ಬಾನೆಟ್ಟಿಗೆ ಮಾತ್ರ ಹೊಸ ಬಣ್ಣ ಹೊಡೆಸಿ ತಂದರು. ಕಪ್ಪಿಗೆ ಕಪ್ಪೇ. ಆದರೆ ಎಮ್ಮೆಯ ಕಪ್ಪು ಬೇರೆ, ಕಾಗೆಯ ಕಪ್ಪು ಬೇರೆ. ಕಾಗೆಯ ಮೈಗೆ ಎಮ್ಮೆಯ ಮೂತಿ ಅಂಟಿಸಿದ ಹಾಗಿತ್ತು.

ಹಳೇ ಕಾರು ಕೊಳ್ಳುವವರು ಮೊದಲು ನೋಡುವುದೇ ಅದನ್ನಂತೆ. ಮೈಗೆಲ್ಲ ಕಂಪನಿಯ ಬಣ್ಣ, ಒಂದು ಕಡೆಗೆ ಮಾತ್ರ ಬೇರೆ ಬಣ್ಣ ಅಂದರೆ ಎಲ್ಲೋ ಗುದ್ದಿ ರಿಪೇರಿ ಮಾಡಿಸಿದ್ದಾರೆ ಅಂತ ಲೆಕ್ಕ. ಮೊದಲು ಬಂದವರು ರಾಜಾಜಿನಗರದ ಇಬ್ಬರು ಹುಡುಗರು, ಕಪ್ಪು ಕನ್ನಡಕದವರು. ಒಬ್ಬ ಬೆರಳ ಗೆಣ್ಣಿನಿಂದ ಬಾನೆಟ್ಟನ್ನು ಕುಟ್ಟಿ ಕಿವಿಗೊಟ್ಟು ಕೇಳಿದ, ಕುಂಬಳಕಾಯಿ ಕೊಳ್ಳುವವನ ಹಾಗೆ.

“ಮಚ್ಚಾ, ರೀಪೇಂಟ್ ಕಣೋ ಇದು. ಸಾರ್, ಎಲ್ಲಿ ಗುದ್ದಿದ್ರಿ?”

“ಎಲ್ಲೂ ಗುದ್ದಿಲ್ಲ ಗುರು.”

“ಮತ್ತೆ ಬಣ್ಣ ಯಾಕ್ ಹೊಡ್ಸಿದ್ರಿ?”

“ಕೊಂಬೆ ಬಿತ್ತು.”

“ಕೊಂಬೆ ಬಿದ್ರೆ ಟಾಪ್ ಮೇಲೆ ಬೀಳ್ಬೇಕಲ್ವಾ ಸಾರ್? ಬಾನೆಟ್ ಹುಡುಕ್ಕೊಂಡು ಬಂತಾ?”

ನಕ್ಕು ಹೋದರು. ಆಮೇಲೆ ಬಸವೇಶ್ವರನಗರದ ಆಫೀಸರ್ ಒಬ್ಬರು ಹೆಂಡತಿಯ ಜೊತೆ ಬಂದರು. ಆಕೆ ಒಳಗೆ ಕೂತು, ಪ್ಲಾಸ್ಟಿಕ್ ಸವರಿ, ಹೊಸದರ ಹಾಗೇ ಇದೆ ಅಂತ ಮೆಚ್ಚಿಕೊಂಡರು. ಆಫೀಸರ್ ಟಾರ್ಚ್ ಹಿಡಿದು ಮುಂದೆ ಬಗ್ಗಿದರು. ಅವರಿಗೆ ಹೇಳಿದ್ದು ಬಾನೆಟ್ಟಿನ ಮೇಲೆ ಕೋತಿ ಕುಣಿದ ಕಥೆ. ಕೋತಿ ಕುಣಿದರೆ ಇಡೀ ಬಾನೆಟ್ಟಿಗೆ ಬಣ್ಣ ಯಾಕೆ ಅಂತ ಅವರು ಕೇಳಿದರು. “ಆಕ್ಸಿಡೆಂಟ್ ವೆಹಿಕಲ್, ನಡಿ” ಅಂತ ಹೆಂಡತಿಯನ್ನು ಇಳಿಸಿಕೊಂಡು ಹೋದರು. ಆಕೆಯ ಸೀರೆ ಪರ್ರನೆ ಸದ್ದು ಮಾಡಿಕೊಂಡೇ ಎದ್ದು ಬಂತು.

ಹೀಗೇ ಒಬ್ಬೊಬ್ಬರಿಗೆ ಒಂದೊಂದು ಕಥೆ. ತಿಂಗಳು ತಿಂಗಳಿಗೂ ರೇಟು ಇಳಿಯುತ್ತಿತ್ತು. ಅಳಿಯಂದಿರೂ ಇಳಿಯುತ್ತಿದ್ದರು, ಆದರೆ ಯಾವಾಗಲೂ ಒಂದು ಮೆಟ್ಟಿಲು ಹಿಂದೆ. ಯುಗಾದಿಯಲ್ಲಿ ಯಾರೋ ಕೇಳಿದ ರೇಟಿಗೆ ಗೌರಿಹಬ್ಬದಲ್ಲಿ ಒಪ್ಪಿಕೊಳ್ಳುತ್ತಿದ್ದರು. ನಿನ್ನೆಯ ಇಡ್ಲಿಯನ್ನು ಇವತ್ತು ನಿನ್ನೆಯ ಬೆಲೆಗೆ ಯಾರು ತಿನ್ನುತ್ತಾರೆ? “ಹೊಸದಿದ್ದಾಗ ಎಷ್ಟು ಕೊಟ್ಟಿದೀನಿ ಗೊತ್ತಾ” ಅನ್ನುವುದೊಂದೇ ಅವರ ಬಾಯಲ್ಲಿ. ಕೊಟ್ಟವರು ನೀವು, ಬಂದವರಿಗೇನು?

ಅತ್ತ ನನ್ನ ಗಿರಾಕಿಗಳು ದೂರದ ಇನ್ನೊಂದು ಗಿರಣಿಗೆ ನಡೆಯುತ್ತಿದ್ದರು. ಅಲ್ಲಿ ಮೆಣಸಿನಕಾಯಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ, ರೊಟ್ಟಿ ತಿಂದವರು ಸೀನುತ್ತಾರೆ. ರೊಟ್ಟಿ ಬಡಿಯುವ ಹೆಂಗಸೊಬ್ಬಳು ಡಬ್ಬಿ ಹೊತ್ತು ಮನೆ ಮುಂದೆ ಹಾದುಹೋಗುವಾಗೆಲ್ಲ ಕೇಳುತ್ತಿದ್ದಳು, “ಅವ್ವಾರ, ಯಾವಾಗ್ರೀ?” ಕಾರು ಹೋದ ದಿನ ಅನ್ನುತ್ತಿದ್ದೆ. ಕೊನೆಗೆ ಕೇಳುವುದನ್ನೇ ಬಿಟ್ಟಳು. ನಾನು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುವ ಮುದುಕಿಯಾದೆ. ಬೀದಿಯ ಜನಕ್ಕೆ ನನ್ನ ಹತ್ತಿರ ನಿಲ್ಲಲು ಬೇರೆ ಕೆಲಸವಿರಲಿಲ್ಲ.

ಕೊನೆಗೆ ಬಂದವರು ದಾವಣಗೆರೆ ಕಡೆಯ ಒಬ್ಬ ಹಿರಿಯರು, ವಿಜಯನಗರದಲ್ಲಿ ಸಗಟು ಅಂಗಡಿ ಇಟ್ಟವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಶಟರ್ ಎತ್ತಿ ಒಳಗೆ ಕರೆದೊಯ್ದೆವು. ಅವರು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು.

“ಬಣ್ಣ ಬ್ಯಾರೆ ಐತಲ್ರೀ ಇದು?”

“ತೆಂಗಿನಕಾಯಿ ಬಿತ್ತು ಸಾರ್” ಅಂದರು ಅಳಿಯಂದಿರು.

“ಎಲ್ಲಿ?”

“ಇಲ್ಲೇ.”

ಆ ಹಿರಿಯರು ನಿಧಾನಕ್ಕೆ ತಲೆ ಎತ್ತಿ ತಾರಸಿ ನೋಡಿದರು. ಅಲ್ಲಿ ಗಿರಣಿಯ ಕಾಲದ ಹಿಟ್ಟಿನ ಜೇಡರಬಲೆ ಬಿಟ್ಟರೆ ಯಾವ ತೆಂಗಿನಮರವೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ತೆಂಗಿನಕಾಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಮಗಳು ವಿಭೂತಿಗೆ ಸುಣ್ಣ ಕಲಸಿ ವಾರವಾರ ಬಳಿದಳು. ಬಣ್ಣ ಸುಟ್ಟುಹೋಯ್ತು. ಇವರು ಬೇರೆ ಹೊಡೆಸಿದ್ರು. ಗಾಡಿ ಯಾರಿಗೂ ಗುದ್ದಿಲ್ಲ. ಗುದ್ದೋಕೆ ಅದು ಹೊರಗೆ ಹೋಗಿದ್ರೆ ತಾನೆ?”

ಮಗಳು ಒಳಗೋಡಿದಳು. ಅಳಿಯಂದಿರು ನೆಲ ನೋಡಿದರು. ಆ ಹಿರಿಯರು ಮೊದಲು ತಮ್ಮ ಹಣೆ ಮುಟ್ಟಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಂಬಿದೆ ಬಿಡ್ರೀ ಅವ್ವಾರ. ಇಂಥಾ ದಡ್ಡತನ ಸುಳ್ಳು ಹೇಳೋರಿಗೆ ಹೊಳಿಯಂಗಿಲ್ಲ.”

ಆಮೇಲೆ ತಮ್ಮ ರೇಟು ಹೇಳಿದರು. ಉಲ್ಲಾಳದ ಸೈಟಿನ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಸೈಟೂ ಬರುತ್ತಿರಲಿಲ್ಲ. ಅಳಿಯಂದಿರ ಮುಖ ಕೆಂಪಾಯಿತು.

“ಆಕ್ಸಿಡೆಂಟ್ ಆಗಿಲ್ಲ ಅಂತ ಗೊತ್ತಾಯ್ತಲ್ಲ ಸಾರ್. ಆದ್ರೂ ಇಷ್ಟೇನಾ?”

“ಆಗಿಲ್ಲ ಅಂತ ಗೊತ್ತಾಗಿದ್ದಕ್ಕ ಇಷ್ಟು. ನೋಡ್ರೀ, ಇದನ್ನ ಹೊಸಾದು ಕೊಳ್ಳಾಕ ಸಾವ್ಕಾರ ಬೇಕು. ಹಳೇದು ಇಟ್ಕೊಳ್ಳಾಕೂ ಸಾವ್ಕಾರ್ನೇ ಬೇಕು, ಒಂದು ಟೈರ್ ಹೋದ್ರ ನನ್ನ ಈಗಿನ ಗಾಡಿಗೆ ನಾಕು ಟೈರ್ ಬರ್ತಾವು. ಸಾವ್ಕಾರ ಹಳೇದು ಮುಟ್ಟಂಗಿಲ್ಲ. ಬಡವಗ ಎಣ್ಣಿ ಹಾಕಾಕ ಆಗಂಗಿಲ್ಲ. ಇನ್ನ ಉಳದೋರು ಯಾರು? ನನ್ನಂಥ ಹುಚ್ಚರು ಅಲ್ಲೊಬ್ಬ, ಇಲ್ಲೊಬ್ಬ.”

ಆ ಕಾರಿನ ಬಗ್ಗೆ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ಅಳಿಯಂದಿರು ಆಗಲ್ಲ ಅಂದರು. ಆ ಹಿರಿಯರು ನನಗೆ ಕೈಮುಗಿದು ಹೋದರು.

ಸಂಜೆ ಊಟಕ್ಕೆ ಕೂತಾಗ ಶುರುವಾಯಿತು.

“ಅತ್ತೆಗೆ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ಅಂತ ಕೇಳು ಕಣೇ.”

“ಬಾಯಿ ಬಿಟ್ಟಿದ್ದಕ್ಕೇ ಒಬ್ಬರಾದ್ರೂ ನಂಬಿ ರೇಟು ಹೇಳಿ ಹೋಗಿದ್ದು ಅಂತ ಹೇಳೇ.”

“ಅಷ್ಟಕ್ಕೆ ಕೊಡೋದಿಲ್ಲ. ಮರ್ಯಾದೆ ಪ್ರಶ್ನೆ. ಹತ್ತು ವರ್ಷ ಆದ್ರೂ ಇಲ್ಲೇ ಇರ್ಲಿ. ಆಮೇಲೆ ವಿಂಟೇಜ್ ಅಂತ ಆಗುತ್ತೆ, ತಾನಾಗೇ ರೇಟು ಏರುತ್ತೆ.”

ನಾನು ತಟ್ಟೆ ಪಕ್ಕಕ್ಕಿಟ್ಟೆ. ಮಗಳ ಕಡೆ ನೋಡಲಿಲ್ಲ. ಮದುವೆಯಾದಂದಿನಿಂದ ಮೊದಲ ಸಲ ಅಳಿಯಂದಿರ ಮುಖ ನೋಡಿ ಮಾತಾಡಿದೆ.

“ಕೇಳಿ ಇಲ್ಲಿ. ಹತ್ತು ವರ್ಷಕ್ಕೆ ನಿಮ್ಮ ಕಾರು ಏನಾಗುತ್ತೋ ನಂಗೊತ್ತಿಲ್ಲ. ನಾನು ಏನಾಗ್ತೀನಿ ಅಂತ ಗೊತ್ತು. ಈಗ್ಲೇ ಕಲ್ಲು ಎತ್ತೋವಾಗ ಮೊಣಕೈ ನಡುಗುತ್ತೆ. ಇನ್ನೆರಡು ವರ್ಷ ಬಿಟ್ರೆ ಎತ್ತೋಕೇ ಆಗಲ್ಲ. ನಿಮ್ಮ ಮರ್ಯಾದೆ ಎಷ್ಟು ದಿನ ಬೇಕಾದ್ರೂ ನಿಂತ್ಕೊಳ್ಳಲಿ, ನನ್ನ ರೂಮಲ್ಲಿ ಬೇಡ.”

ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಿಯಂದಿರು ಟಿವಿಯ ಸದ್ದು ಏರಿಸಿದರು. ಉತ್ತರ ಅಷ್ಟೇ. ಕಾರಿನ ಬೆಲೆ ಎಷ್ಟು ಇಳಿದರೂ ಅವರು ತಮ್ಮ ತಲೆಯೊಳಗಿನ ಬೆಲೆಯನ್ನು ಇಳಿಸುವವರಲ್ಲ ಅಂತ ನನಗೆ ಆಗ ಖಾತ್ರಿಯಾಯಿತು. ಮಾರಿದ ದಿನ ಅಂತ ಕಾಯುತ್ತಾ ಕೂತರೆ ನನ್ನ ದಿನ ಮೊದಲು ಬರುತ್ತದೆ. ಆ ಕಾರು ಆಮೇಲೆ ಹೋಯಿತು, ದಾವಣಗೆರೆಯ ಹಿರಿಯರು ಹೇಳಿದ ರೇಟಿನ ಅರ್ಧಕ್ಕೆ. ಅದು ಅಳಿಯಂದಿರ ಕಥೆ. ಬೇಕಿದ್ದರೆ ಅವರು ಬರೆದುಕೊಳ್ಳಲಿ.

ಮರುದಿನ ಬೆಳಿಗ್ಗೆ ದೇವರ ಗೂಡಿನಿಂದ ಕಾರಿನ ಕೀ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿಯ ಯಜಮಾನರು ಸ್ಕೂಲ್ ವ್ಯಾನು ಓಡಿಸುವವರು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವರಿರಬೇಕು. ಕಾರನ್ನು ಈಚೆ ತಂದು ನಿಲ್ಲಿಸಿಕೊಡಿ ಅಂದೆ.

“ಅಕ್ಕ, ನಿಮ್ಮ ಅಳಿಯ ಬೈತಾರೆ.”

“ಕಾರು ಅವರದು, ರೂಮು ನಂದು. ಅವರದನ್ನ ಅವರಿಗೆ ಕೊಡ್ತಾ ಇದೀನಿ, ಬೀದೀಲಿ.”

ಅವರು ಹೊಟ್ಟೆ ಒಳಗೆಳೆದುಕೊಂಡು ಹತ್ತಿ ಕೂತರು, ಕಾರು ಹಿಂದಕ್ಕೆ ಸರಿದು ಬಿಸಿಲಿಗೆ ಬಂತು. ಆಮೇಲೆ ಇಬ್ಬರೂ ಸೇರಿ ಹಿತ್ತಲಿನ ಕಲ್ಲನ್ನು ಚಕ್ರದ ಹಾಗೆ ಉರುಳಿಸಿಕೊಂಡು ಮುಂದಿನ ರೂಮಿಗೆ ತಂದು ಗೋಣಿಚೀಲದ ಮೇಲೆ ಮಲಗಿಸಿದೆವು. ಕಲ್ಲಿನಲ್ಲಿ ಕಾಳು ಅರೆಯಲು ಕೊರೆದ ಹಲ್ಲುಗಳಲ್ಲಿ ಇಲಿ ಗಲೀಜು ಮೆತ್ತಿತ್ತು. ನಾನು ಚೀಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಉಳಿ ಸುತ್ತಿಗೆ ಹಿಡಿದು, ಕಲ್ಲಿಗೆ ಹೊಸದಾಗಿ ಹಲ್ಲು ಹೊಡೆಯತೊಡಗಿದೆ. ಆ ಸದ್ದಿಗೆ ಸತ್ತವರೂ ಏಳುತ್ತಾರೆ. ಅಳಿಯಂದಿರು ಲುಂಗಿಯಲ್ಲೇ ಓಡಿ ಬಂದರು.

“ಅತ್ತೆ! ಗಾಡಿ ಬಿಸಿಲಲ್ಲಿ ನಿಂತ್ರೆ ರೇಟು ಬಿದ್ದೋಗುತ್ತೆ!”

ಅವರೂ ಮೊದಲ ಸಲ ನನ್ನ ಹತ್ತಿರವೇ ನೇರ ಮಾತಾಡಿದ್ದರು. ನಾನು ತಲೆ ಎತ್ತಲಿಲ್ಲ. ಕಲ್ಲಿನ ಒಂದು ಸುತ್ತು ಮುಗಿಸಿ, ಪುಡಿ ಊದಿ, ಎರಡನೇ ಸುತ್ತಿಗೆ ಉಳಿ ಇಟ್ಟೆ.